ಹಳೇ ಪಿಕಪ್ ಸ್ಟಾರ್ಟ್ ಆಗದಿದ್ದರೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೇಡ!

ಈ ಸಲದ ವಿಜ್ಞಾನ ಪಾಠಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ನಮ್ಮ ಊರಿನ ಬೀದಿಯಲ್ಲಿ ನಿಂತಿರುವ ಹಳೇ ಡೀಸೆಲ್ ಪಿಕಪ್ ಗಾಡಿಯೇ ನಮ್ಮ ಪಾಠ.

ಹಳ್ಳಿಯಲ್ಲಿ ಪಿಕಪ್ ಅಂದರೆ ಬರೀ ಗಾಡಿ ಅಲ್ಲ, ಅದು ಮನೆಯ ದುಡಿಮೆ. ಟೊಮ್ಯಾಟೊ ಬಾಕ್ಸು ಕೋಲಾರದ ಮಾರುಕಟ್ಟೆಗೆ ಹೋಗುವುದು ಅದರಲ್ಲೇ. ರೇಷ್ಮೆ ಗೂಡು ರಾಮನಗರ, ಶಿಡ್ಲಘಟ್ಟದ ಹರಾಜಿಗೆ ಹೋಗುವುದೂ ಅದರಲ್ಲೇ. ಗೂಡು ಯಾರಿಗೂ ಕಾಯುವುದಿಲ್ಲ. ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬಂತು ಅಂದರೆ ಆ ಗೂಡಿನಿಂದ ಉದ್ದ ನೂಲು ಬಿಚ್ಚಲು ಆಗುವುದಿಲ್ಲ. ಟೊಮ್ಯಾಟೊ ಒಂದು ದಿನ ತಡವಾದರೆ ಮೆತ್ತಗಾಗಿ ಬೆಲೆ ಬೀಳುತ್ತದೆ. ಅಂಥ ಹೊತ್ತಿನಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ, ಲೋಡು ಹಾಕಿದ ಗಾಡಿ ಸ್ಟಾರ್ಟ್ ಆಗದೆ ನಿಂತರೆ ಆ ಮನೆಯವರ ಗತಿ ಏನು?

ಆಗ ಸುತ್ತ ಸೇರಿದವರು ತಲೆಗೊಂದು ಮಾತು ಹೇಳುತ್ತಾರೆ. "ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಪ್ಪಾ" ಅಂತ ಒಬ್ಬರು. "ಇಲ್ಲ ಇಲ್ಲ, ಪಂಪ್ ಬಿಚ್ಚಬೇಕು" ಅಂತ ಇನ್ನೊಬ್ಬರು. "ನಾಜಲ್ ಚೇಂಜ್ ಮಾಡಿಸಿ, ಎಲ್ಲಾ ಸರಿಹೋಗುತ್ತೆ" ಅಂತ ಮತ್ತೊಬ್ಬರು. ಒಂದೊಂದಾಗಿ ಸಾಮಾನು ಬದಲಾಯಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ರೋಗ ಅಲ್ಲೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ನಮ್ಮ ಹಿರಿಯರು ಹೇಳಿದ್ದು ಇದಕ್ಕೇ.

ಹಾಗಾದರೆ ಸರಿಯಾದ ದಾರಿ ಯಾವುದು? ಬದಲಾಯಿಸುವ ಮುಂಚೆ ಪರೀಕ್ಷಿಸಬೇಕು. ದುಡ್ಡಿಲ್ಲದ ಪರೀಕ್ಷೆ ಮೊದಲು, ದುಡ್ಡಿನ ಪರೀಕ್ಷೆ ಆಮೇಲೆ. ಈ ಪಾಠದ ಸಾರ ಇಷ್ಟೇ. ಈಗ ವಿವರವಾಗಿ ನೋಡೋಣ.

1. ಡೀಸೆಲ್ ಇಂಜಿನ್ ಹೇಗೆ ಉರಿಯುತ್ತದೆ?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿದ್ದೀರಿ. ಗಾಳಿಯನ್ನು ಬೇಗ ಒತ್ತಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಇಂಜಿನ್ನಿನ ಗುಟ್ಟು ಇದೇ.

ಪೆಟ್ರೋಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿ ಬೆಂಕಿ ಹಚ್ಚುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ಸುಮಾರು 16ರಿಂದ 22ನೇ ಒಂದು ಭಾಗದಷ್ಟು ಜಾಗಕ್ಕೆ ಒತ್ತುತ್ತದೆ. ಆಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಆ ಕಾದ ಗಾಳಿಗೆ ನಾಜಲ್ ಸಣ್ಣ ಮಂಜಿನಂತೆ ಡೀಸೆಲ್ ಚಿಮ್ಮಿಸುತ್ತದೆ, ಅದು ತಕ್ಷಣ ಉರಿಯುತ್ತದೆ.

ಈ ಉಪಾಯ ಮಾಡಿದವರು ಜರ್ಮನಿಯ ರುಡಾಲ್ಫ್ ಡೀಸೆಲ್. ಅವರಿಗೆ 1893ರಲ್ಲಿ ಪೇಟೆಂಟ್ ಸಿಕ್ಕಿತು. 1897ರಲ್ಲಿ ಆಗ್ಸ್‌ಬರ್ಗ್ ಎಂಬ ಊರಿನಲ್ಲಿ ಅವರ ಇಂಜಿನ್ ಯಶಸ್ವಿಯಾಗಿ ಓಡಿತು. ನಾವು ಬಂಕಿನಲ್ಲಿ "ಡೀಸೆಲ್ ಹಾಕಿ" ಅನ್ನುವಾಗ ಹೇಳುವುದು ಅವರ ಹೆಸರನ್ನೇ!

ಹಾಗಾದರೆ ಇಂಜಿನ್ ಸ್ಟಾರ್ಟ್ ಆಗಲು ನಾಲ್ಕು ಬೇಕು:

(ಅ) ತಿರುಗುವುದು: ಸೆಲ್ಫ್ ಮೋಟರ್ ಇಂಜಿನ್ನನ್ನು ಸಾಕಷ್ಟು ವೇಗವಾಗಿ ತಿರುಗಿಸಬೇಕು.
(ಆ) ಗಾಳಿ: ಏರ್ ಫಿಲ್ಟರ್ ಮೂಲಕ ಧಾರಾಳ ಗಾಳಿ ಬರಬೇಕು.
(ಇ) ಡೀಸೆಲ್: ಟ್ಯಾಂಕಿನಿಂದ ನಾಜಲ್‌ವರೆಗೆ ಗುಳ್ಳೆಯಿಲ್ಲದೆ, ನೀರಿಲ್ಲದೆ ಬರಬೇಕು.
(ಈ) ಒತ್ತಡ: ಪಿಸ್ಟನ್, ರಿಂಗ್, ವಾಲ್ವ್ ಗಾಳಿಯನ್ನು ಸೋರದಂತೆ ಒತ್ತಬೇಕು. ಇದನ್ನೇ ಮೆಕಾನಿಕ್‌ಗಳು ಕಂಪ್ರೆಷನ್ ಅನ್ನುತ್ತಾರೆ.

ಗಾಡಿ ಕೆಟ್ಟಾಗ ಕೇಳಬೇಕಾದ ಪ್ರಶ್ನೆ "ಏನು ಬದಲಾಯಿಸಲಿ?" ಅಂತ ಅಲ್ಲ. "ಈ ನಾಲ್ಕರಲ್ಲಿ ಯಾವುದು ಇಲ್ಲ?" ಅಂತ.

ಒಂದು ಮಾತು ನೆನಪಿಡಿ. ಇಲ್ಲಿ ಹೇಳುತ್ತಿರುವುದು ಹಳೇ ಪದ್ಧತಿಯ ಮೆಕ್ಯಾನಿಕಲ್ ಪಂಪ್ ಇರುವ ಗಾಡಿಗಳ ಬಗ್ಗೆ. ಟಾಟಾ 207, ಮಹೀಂದ್ರ ಪಿಕಪ್‌ಗಳ ಹಳೇ ಮಾದರಿಗಳು ಇಂಥವು. ಕಂಪ್ಯೂಟರ್ ಇರುವ ಕಾಮನ್ ರೈಲ್ ಗಾಡಿಗಳಲ್ಲಿ ಡೀಸೆಲ್ ಒತ್ತಡ ಬಹಳ ಹೆಚ್ಚು. ಅವುಗಳ ಪೈಪ್ ಬಿಚ್ಚಲು ಹೋಗಲೇಬಾರದು. ಅವಕ್ಕೆ ಸ್ಕ್ಯಾನರ್ ಇರುವ ಮೆಕಾನಿಕ್ಕೇ ಬೇಕು.

2. ಮೊದಲು ಜಾಗ್ರತೆ

ನಾವು ಮಕ್ಕಳು ನೋಡಿ ಕಲಿಯಬಹುದು, ಟಾರ್ಚ್ ಹಿಡಿಯಬಹುದು, ಬರೆದುಕೊಳ್ಳಬಹುದು. ಪಾನಾ ಹಿಡಿಯುವುದು ದೊಡ್ಡವರ ಕೆಲಸ. ಅವರೂ ಇವನ್ನು ಪಾಲಿಸಬೇಕು:

* ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ.
* ಬ್ಯಾಟರಿ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಚಾರ್ಜ್ ಆಗುವಾಗ ಅದರಿಂದ ಜಲಜನಕ ಅನಿಲ ಬರುತ್ತದೆ, ಸಿಡಿಯಬಹುದು. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಬಿದ್ದರೆ ಅಪಾಯ.
* ಬ್ಯಾಟರಿ ಬಿಚ್ಚುವಾಗ ಮೈನಸ್ ವೈರ್ ಮೊದಲು, ಹಾಕುವಾಗ ಮೈನಸ್ ವೈರ್ ಕೊನೆಗೆ.
* ನಾಜಲ್‌ನಿಂದ ಚಿಮ್ಮುವ ಡೀಸೆಲ್ಲಿಗೆ ಬೆರಳು ಅಡ್ಡ ಹಿಡಿಯಬಾರದು. ವಾಯುಮಂಡಲದ ಒತ್ತಡದ ನೂರು ಪಟ್ಟಿಗೂ ಮೀರಿದ ಒತ್ತಡ ಅದು. ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.
* ಬಾಯಲ್ಲಿ ಪೈಪ್ ಇಟ್ಟು ಡೀಸೆಲ್ ಎಳೆಯಬಾರದು. ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.
* ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

3. ಮೊದಲ ಪ್ರಶ್ನೆ: ಇಂಜಿನ್ ತಿರುಗುತ್ತಿದೆಯೇ?

ಕೀ ತಿರುಗಿಸಿ ಸೆಲ್ಫ್ ಹೊಡೆದಾಗ ಕಿವಿ ಕೊಟ್ಟು ಕೇಳಿ. "ಗುರ್ರ್ ಗುರ್ರ್" ಅಂತ ಜೋರಾಗಿ ತಿರುಗಿದರೆ ಈ ಭಾಗ ಸರಿ ಇದೆ, ನಾಲ್ಕನೇ ಭಾಗಕ್ಕೆ ಹೋಗಿ. "ಗುರ್... ಗುರ್..." ಅಂತ ಎಳೆದಾಡಿದರೆ, ಅಥವಾ ಬರೀ "ಟಕ್" ಅಂದರೆ, ಡೀಸೆಲ್ ಕಡೆ ನೋಡಬೇಡಿ. ರೋಗ ಕರೆಂಟಿನ ಕಡೆ ಇದೆ.

ಈಗ ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆಯಲಿ. ಒಬ್ಬರು ಪಕ್ಕಕ್ಕೆ ನಿಂತು ಲೈಟನ್ನೇ ನೋಡಲಿ.

* ಲೈಟ್ ಪೂರ್ತಿ ಮಂಕಾಗಿ "ಟಕಟಕಟಕ" ಶಬ್ದ ಬಂದರೆ: ಬ್ಯಾಟರಿ ಇಳಿದಿದೆ ಅಥವಾ ವೈರಿನ ಜೋಡಣೆ ಸರಿಯಿಲ್ಲ.
* ಲೈಟ್ ಹಾಗೇ ಉರಿಯುತ್ತಿದ್ದು ಶಬ್ದವೇ ಇಲ್ಲದಿದ್ದರೆ: ಕೀ ಸ್ವಿಚ್‌ನಿಂದ ಸೆಲ್ಫ್‌ವರೆಗಿನ ಸಣ್ಣ ವೈರ್ ಅಥವಾ ಸ್ವಿಚ್ ಕೆಟ್ಟಿದೆ.
* ಲೈಟ್ ಹಾಗೇ ಇದ್ದು ಒಂದೇ ಸಲ "ಟಕ್" ಅಂದರೆ: ಸೆಲ್ಫ್ ಮೋಟರಿನ ಸಲೆನಾಯ್ಡ್ ಅಥವಾ ಕಾರ್ಬನ್ ಬ್ರಷ್ ಸವೆದಿರಬಹುದು.
* ಲೈಟ್ ಪೂರ್ತಿ ಮಂಕಾಗಿ ಒಂದೇ ಸಲ "ಟಕ್" ಅಂದು ನಿಂತರೆ: ಬ್ಯಾಟರಿ ಸರಿಯಿದ್ದರೆ ಸೆಲ್ಫ್ ಇಲ್ಲವೇ ಇಂಜಿನ್ ಹಿಡಿದುಕೊಂಡಿರಬಹುದು.

"ಲೈಟ್ ಚೆನ್ನಾಗಿ ಉರೀತಿದೆಯಲ್ಲಾ, ಬ್ಯಾಟರಿ ಕಡೆ ತೊಂದರೆ ಹೇಗಿರುತ್ತೆ?" ಅಂತ ಬಹಳ ಜನ ವಾದ ಮಾಡುತ್ತಾರೆ. ಇದಕ್ಕೆ ಉತ್ತರ ನಮ್ಮ ಹತ್ತನೇ ತರಗತಿಯ ಓಮ್‌ನ ನಿಯಮದಲ್ಲಿದೆ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿಕೊಂಡಿದೆ ಅನ್ನೋಣ. ಅದರಿಂದ ಜೋಡಣೆಯಲ್ಲಿ ಬರೀ 0.01 ಓಮ್ ರೋಧ ಹೆಚ್ಚಾಗಿದೆ ಅಂತ ಇಟ್ಟುಕೊಳ್ಳಿ. ಒಂದು ಹೆಡ್‌ಲೈಟ್ ಬಲ್ಬಿಗೆ ಸುಮಾರು 5 ಆಂಪಿಯರ್ ಸಾಕು.

5 × 0.01 = 0.05 ವೋಲ್ಟ್ ನಷ್ಟ. ಇದು ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಆದರೆ ಡೀಸೆಲ್ ಗಾಡಿಯ ಸೆಲ್ಫ್ ಮೋಟರಿಗೆ ನೂರಾರು ಆಂಪಿಯರ್ ಬೇಕು. 200 ಆಂಪಿಯರ್ ಅಂತಲೇ ಲೆಕ್ಕ ಹಾಕಿ.

200 × 0.01 = 2 ವೋಲ್ಟ್ ನಷ್ಟ!

12 ವೋಲ್ಟಿನಲ್ಲಿ 2 ವೋಲ್ಟ್ ದಾರಿಯಲ್ಲೇ ಸೋರಿತು. ಜೊತೆಗೆ 200 × 2 = 400 ವಾಟ್ ಶಕ್ತಿ ಆ ಪುಡಿಯಲ್ಲೇ ಶಾಖವಾಗಿ ಹೋಯಿತು. ಅದಕ್ಕೇ ಸೆಲ್ಫ್ ಹೊಡೆದ ಮೇಲೆ ಟರ್ಮಿನಲ್ ಬಿಸಿಯಾಗಿದ್ದರೆ ತಪ್ಪು ಅಲ್ಲೇ ಇದೆ ಅಂತ ಅರ್ಥ. ಇಂಥ ಗಾಡಿಗೆ ಹೊಸ ಬ್ಯಾಟರಿ ಬೇಕಾಗಿಲ್ಲ. ಟರ್ಮಿನಲ್ ಬಿಚ್ಚಿ, ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ಹೊರಗಿನಿಂದ ತೊಳೆದು, ಉಜ್ಜುಕಾಗದದಲ್ಲಿ ಉಜ್ಜಿ, ಬಿಗಿಯಾಗಿ ಹಾಕಿ ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಸಾಕು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ. ಮೈನಸ್ ವೈರ್ ಚಾಸಿಗೆ, ಇಂಜಿನ್ನಿಗೆ ಸೇರುವ ಜಾಗವನ್ನು ಜನ ಮರೆತೇಬಿಡುತ್ತಾರೆ. ಅದನ್ನೂ ಹೀಗೇ ಉಜ್ಜಬೇಕು.

ಮೀಟರ್ ಇದ್ದರೆ ಬ್ಯಾಟರಿ ನೋಡುವುದು ಸುಲಭ. ಗಾಡಿ ರಾತ್ರಿಯೆಲ್ಲ ನಿಂತಿದ್ದ ಮೇಲೆ ಸುಮಾರು 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2 ಇದ್ದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಇಂಜಿನ್ ಓಡುವಾಗ 13.8ರಿಂದ 14.4ರ ಹತ್ತಿರ ಇರಬೇಕು. ಓಡುವಾಗಲೂ 12ರಲ್ಲೇ ಇದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ. (ನಾವು ಡೈನಮೋ ಅಂತೇವೆ, ಅದರ ಸರಿಯಾದ ಹೆಸರು ಆಲ್ಟರ್ನೇಟರ್.) ಆಗ ಹೊಸ ಬ್ಯಾಟರಿ ಹಾಕಿದರೆ ಅದೂ ಸ್ವಲ್ಪ ದಿನದಲ್ಲೇ ಇಳಿಯುತ್ತದೆ. ಮೊದಲು ಬೆಲ್ಟ್ ಸಡಿಲವಾಗಿದೆಯೇ ನೋಡಬೇಕು.

ಇನ್ನೊಂದು ದುಡ್ಡಿಲ್ಲದ ಪರೀಕ್ಷೆ ತಳ್ಳುವುದು! ಸಮತಟ್ಟಾದ ರಸ್ತೆಯಲ್ಲಿ ದೊಡ್ಡವರು ನಾಲ್ಕು ಜನ ತಳ್ಳಿದಾಗ ಗಾಡಿ ತಕ್ಷಣ ಸ್ಟಾರ್ಟ್ ಆದರೆ ಗಾಳಿ, ಡೀಸೆಲ್, ಒತ್ತಡ ಮೂರೂ ಸರಿ ಇವೆ. ತಪ್ಪು ಬ್ಯಾಟರಿ ಅಥವಾ ಸೆಲ್ಫ್ ಕಡೆಯದು. ಇಳಿಜಾರಿನಲ್ಲಿ ಮಾತ್ರ ಹೀಗೆ ಮಾಡಬಾರದು. ಇಂಜಿನ್ ಓಡದಿರುವಾಗ ಬ್ರೇಕ್ ಬಹಳ ಗಟ್ಟಿಯಾಗಿರುತ್ತದೆ.

4. ಎರಡನೇ ಪ್ರಶ್ನೆ: ತಿರುಗುತ್ತೆ, ಆದರೆ ಸ್ಟಾರ್ಟ್ ಆಗೋದಿಲ್ಲ. ಹೊಗೆ ಬರುತ್ತಿದೆಯೇ?

ವೈದ್ಯರು ನಾಲಿಗೆ ನೋಡುವ ಹಾಗೆ ನಾವು ಸೈಲೆನ್ಸರ್ ನೋಡಬೇಕು. ಸೆಲ್ಫ್ ಹೊಡೆಯುವಾಗ ಒಬ್ಬರು ಹಿಂದೆ ನಿಂತು ಹೊಗೆ ಗಮನಿಸಲಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಟ್ಟುಹೋಗುತ್ತದೆ.

ಹೊಗೆಯೇ ಇಲ್ಲ: ನಾಜಲ್‌ಗೆ ಡೀಸೆಲ್ ಬರುತ್ತಿಲ್ಲ. ಈ ಕ್ರಮದಲ್ಲಿ ನೋಡಿ.

(1) ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ನಗಬೇಡಿ. ಹಳೇ ಗಾಡಿಯ ಮುಳ್ಳು ಸುಳ್ಳು ಹೇಳುತ್ತದೆ. ಒಣಗಿದ ಶುದ್ಧ ಕಡ್ಡಿ ಇಳಿಸಿ ನೋಡಿ.

(2) ಇಂಜಿನ್ ಆಫ್ ಮಾಡುವ ಎಳೆಗುಬ್ಬಿ ಇದ್ದರೆ ಅದು ಪೂರ್ತಿ ಒಳಗೆ ಹೋಗಿದೆಯೇ? ಕೇಬಲ್ ಅರ್ಧಕ್ಕೇ ಸಿಕ್ಕಿಕೊಂಡಿದ್ದರೆ ಪಂಪ್ ಡೀಸೆಲ್ ಬಿಡುವುದೇ ಇಲ್ಲ. ಕೀ ಮೂಲಕ ಆಫ್ ಆಗುವ ಗಾಡಿಯಾದರೆ ಪಂಪಿನ ಮೇಲೆ ಸ್ಟಾಪ್ ಸಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಅದರಿಂದ ಸಣ್ಣಗೆ "ಟಕ್" ಕೇಳಬೇಕು. ಕೇಳದಿದ್ದರೆ ಅದರ ವೈರ್ ಕಳಚಿದೆಯೇ, ಫ್ಯೂಸ್ ಹೋಗಿದೆಯೇ ನೋಡಿ.

(3) ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆಯೇ?

(4) ಪೈಪಿನಲ್ಲಿ ಏರ್ ಹಿಡಿದಿದೆಯೇ?

ಬಿಳಿ ಹೊಗೆ ಬರುತ್ತಿದೆ: ಡೀಸೆಲ್ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಅಂದರೆ ಶಾಖ ಸಾಲದು. ಚಳಿಗಾಲವೇ? ಸೆಲ್ಫ್ ನಿಧಾನವೇ? ಕೆಲವು ಹಳೇ ಇಂಜಿನ್‌ಗಳಲ್ಲಿ ಹೀಟರ್ ಪ್ಲಗ್ ಇರುತ್ತವೆ, ಅವು ಕೆಲಸ ಮಾಡುತ್ತಿವೆಯೇ? ಇವೆಲ್ಲ ಸರಿಯಿದ್ದೂ ಸ್ಟಾರ್ಟ್ ಆಗದಿದ್ದರೆ ಕಂಪ್ರೆಷನ್ ಕಡಿಮೆಯಾಗಿರಬಹುದು, ಇಲ್ಲವೇ ಪಂಪಿನ ಟೈಮಿಂಗ್ ತಪ್ಪಿರಬಹುದು. ಅದು ವರ್ಕ್‌ಷಾಪಿನ ಕೆಲಸ.

ಕಪ್ಪು ಹೊಗೆ: ಗಾಳಿ ಸಾಲದು ಅಥವಾ ಡೀಸೆಲ್ ಜಾಸ್ತಿ. ನಮ್ಮ ಮಣ್ಣು ರಸ್ತೆಯ ಧೂಳಿಗೆ ಏರ್ ಫಿಲ್ಟರ್ ಬೇಗ ತುಂಬುತ್ತದೆ. ಮೊದಲು ಅದನ್ನು ನೋಡಿ.

ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುವ ಲಕ್ಷಣ.

5. ಮೂರನೇ ಪ್ರಶ್ನೆ: ಸ್ಟಾರ್ಟ್ ಆಗುತ್ತೆ, ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತೆ. ಯಾಕೆ?

ಇಲ್ಲೇ ಬಹಳ ಜನ ಎಮ್ಮೆಗೆ ಬರೆ ಹಾಕುವುದು. ಹಳೇ ಡೀಸೆಲ್ ಇಂಜಿನ್ ಒಮ್ಮೆ ಓಡಲು ಶುರುವಾದರೆ ಅದಕ್ಕೆ ಬ್ಯಾಟರಿಯ ಹಂಗು ಇಲ್ಲ. ಕೀಲಿಯಿಂದ ಆಫ್ ಆಗುವ ಗಾಡಿಯಲ್ಲಿ ಸ್ಟಾಪ್ ಸಲೆನಾಯ್ಡಿನ ವೈರ್ ಅಲುಗಾಡಿದರೆ ಮಾತ್ರ ಕರೆಂಟಿನಿಂದ ನಿಲ್ಲಬಹುದು. ಆದ್ದರಿಂದ ಓಡುತ್ತಾ ಓಡುತ್ತಾ ನಿಂತರೆ ಮೊದಲ ಅನುಮಾನ ಡೀಸೆಲ್ ದಾರಿಯ ಮೇಲೆ ಇರಬೇಕು. ಅದರಲ್ಲಿ ಮುಖ್ಯವಾಗಿ ನಾಲ್ಕು ಕಾರಣ.

(ಅ) ಏರ್ ಹಿಡಿಯುವುದು. ಇದನ್ನು ಒಂದು ಪ್ರಯೋಗದಿಂದ ತಿಳಿಯೋಣ. ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ಗುಳ್ಳೆಯಿಲ್ಲದೆ ನೀರು ತುಂಬಿ. ಬಾಯಿಗೆ ಬೆರಳು ಒತ್ತಿ ಹಿಡಿದು ಹಿಂದಿನಿಂದ ತಳ್ಳಿ. ಅಲುಗಾಡುವುದಿಲ್ಲ, ಒತ್ತಡ ನೇರ ಬೆರಳಿಗೆ ಬರುತ್ತದೆ. ಈಗ ನೀರು ಚೆಲ್ಲಿ ಬರೀ ಗಾಳಿ ತುಂಬಿ ತಳ್ಳಿ. ಮೆತ್ತಗೆ ಒಳಗೆ ಹೋಗಿ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ದ್ರವವನ್ನು ಕುಗ್ಗಿಸುವುದು ಬಹಳ ಕಷ್ಟ, ಅನಿಲ ಸುಲಭವಾಗಿ ಕುಗ್ಗುತ್ತದೆ. ಪಂಪಿನೊಳಗೆ ಗುಳ್ಳೆ ಬಂದರೆ ಅದರ ಶಕ್ತಿಯೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ನಾಜಲ್ ತೆರೆಯುವುದಿಲ್ಲ, ಇಂಜಿನ್ ನಿಲ್ಲುತ್ತದೆ.

ಗಾಳಿ ಎಲ್ಲಿಂದ ಬರುತ್ತದೆ? ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಎಳೆಯಲಾಗುತ್ತದೆ. ಅಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. "ಎಲ್ಲೂ ಒಂದು ಹನಿ ಲೀಕ್ ಇಲ್ಲ" ಅಂತ ಕೈ ಬಿಡಬಾರದು. ಹನಿ ಬೀಳದಿದ್ದರೂ ಗಾಳಿ ನುಗ್ಗಬಹುದು. ಫೀಡ್ ಪಂಪ್ ದಾಟಿದ ಮೇಲೆ ಒತ್ತಡ ಇರುತ್ತದೆ, ಅಲ್ಲಿ ಬಿರುಕಿದ್ದರೆ ಮಾತ್ರ ಡೀಸೆಲ್ ಹೊರಗೆ ಸೋರುತ್ತದೆ.

ಒಂದು ಗಾಡಿಯ ಉದಾಹರಣೆ ನೋಡಿ. ಅದು ಬೆಳಿಗ್ಗೆ ಸ್ಟಾರ್ಟ್ ಆಗಿ ಎರಡು ನಿಮಿಷ ಓಡಿ ನಿಲ್ಲುತ್ತಿತ್ತು. ಹ್ಯಾಂಡ್ ಪಂಪ್ ಹೊಡೆದರೆ ಮತ್ತೆ ಓಡುತ್ತಿತ್ತು. ಮನೆಯವರು ಹೊಸ ಬ್ಯಾಟರಿ ಹಾಕಿಸಿದರು, ಆಗಲಿಲ್ಲ. ನಾಜಲ್ ಬಿಚ್ಚಿಸಿದರು, ಆಗಲಿಲ್ಲ. ಕೊನೆಗೆ ಒಬ್ಬ ಹಳೇ ಮೇಸ್ತ್ರಿ ಬಂದು ಪಾನಾ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು.

"ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಿ ಅಣ್ಣಾ?"
"ಮನೆ ಮುಂದಿನ ಏರಿನಲ್ಲಿ ಮೇಸ್ತ್ರಿ, ಮೂತಿ ಮೇಲಕ್ಕೆ."
"ಸಮತಟ್ಟಲ್ಲಿ ನಿಲ್ಲಿಸಿದ ದಿನ ಹೀಗಾಗುತ್ತಾ?"
"ಊಹೂಂ... ಹೌದಲ್ವಾ, ಆವತ್ತು ಆಗಲಿಲ್ಲ!"

ಮೇಸ್ತ್ರಿ ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತರಿಸಿ, ಪಾರದರ್ಶಕ ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಟ್ಟರು. ಗಾಡಿ ನಿಲ್ಲದೆ ಓಡಿತು. ಅಂದರೆ ಪಂಪ್, ನಾಜಲ್, ಫಿಲ್ಟರ್, ಇಂಜಿನ್ ಎಲ್ಲ ಸರಿ. ತಪ್ಪು ಕ್ಯಾನಿನಿಂದ ಹಿಂದಕ್ಕೆ, ಟ್ಯಾಂಕ್ ಮತ್ತು ಫೀಡ್ ಪಂಪ್ ನಡುವೆ. ಹುಡುಕಿದರೆ ರಬ್ಬರ್ ಪೈಪು ಕ್ಲಿಪ್ಪಿನ ಕೆಳಗೆ ಸೀಳಿತ್ತು. ರಾತ್ರಿ ಗಾಡಿ ಮೂತಿ ಎತ್ತಿ ನಿಂತಾಗ ಆ ಸೀಳಿನಿಂದ ಗಾಳಿ ನುಗ್ಗಿ ಡೀಸೆಲ್ ಟ್ಯಾಂಕಿಗೆ ವಾಪಸು ಇಳಿಯುತ್ತಿತ್ತು. ಬೆಳಿಗ್ಗೆ ಫಿಲ್ಟರಿನಲ್ಲಿ ಉಳಿದ ಡೀಸೆಲ್ಲಿನಿಂದ ಎರಡು ನಿಮಿಷ ಓಡಿ, ಗುಳ್ಳೆ ಬಂದಾಗ ನಿಲ್ಲುತ್ತಿತ್ತು. ಬೇಕಾಗಿದ್ದು ಒಂದು ಗೇಣು ಪೈಪು, ಎರಡು ಕ್ಲಿಪ್ಪು!

ಮೇಸ್ತ್ರಿ ಮಾಡಿದ್ದು ಗಮನಿಸಿ. ಡೀಸೆಲ್ ದಾರಿಯನ್ನು ಎರಡು ಪಾಲು ಮಾಡಿ ಯಾವ ಪಾಲಿನಲ್ಲಿ ತಪ್ಪಿದೆ ಅಂತ ಒಂದೇ ಪರೀಕ್ಷೆಯಲ್ಲಿ ತಿಳಿದುಕೊಂಡರು. ಇದೇ ವಿಜ್ಞಾನದ ವಿಧಾನ.

(ಆ) ಡೀಸೆಲ್ಲಿನಲ್ಲಿ ನೀರು. ಒಂದು ಗಾಜಿನ ಸೀಸೆಯಲ್ಲಿ ಸ್ವಲ್ಪ ನೀರು, ಸ್ವಲ್ಪ ಅಡುಗೆ ಎಣ್ಣೆ ಹಾಕಿ ಕುಲುಕಿ ಇಡಿ. ಸ್ವಲ್ಪ ಹೊತ್ತಿಗೆ ನೀರು ಕೆಳಗೆ, ಎಣ್ಣೆ ಮೇಲೆ. ಡೀಸೆಲ್ ಕೂಡ ಹೀಗೇ. ಒಂದು ಲೀಟರ್ ನೀರಿನ ತೂಕ 1000 ಗ್ರಾಂ, ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 820ರಿಂದ 860 ಗ್ರಾಂ. ಆದ್ದರಿಂದ ನೀರು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಅದನ್ನು ಹಿಡಿಯಲೆಂದೇ ಫಿಲ್ಟರಿನ ಕೆಳಗೆ ನೀರು ಬಿಡುವ ತಿರುಪು ಇರುತ್ತದೆ. ಇಂಜಿನ್ ಆಫ್ ಮಾಡಿ ಅದನ್ನು ಸಡಿಲಿಸಿ ಒಂದು ಲೋಟಕ್ಕೆ ಹಿಡಿಯಿರಿ. ತಳದಲ್ಲಿ ಗುಂಡಗೆ ನೀರು ಕಂಡರೆ ಬರೀ ಡೀಸೆಲ್ ಬರುವ ತನಕ ಬಿಟ್ಟು ಬಿಗಿ ಮಾಡಿ. ಅರ್ಧ ಖಾಲಿ ಟ್ಯಾಂಕಿನ ಒಳಗಿನ ತೇವದ ಗಾಳಿಯೂ ರಾತ್ರಿ ತಂಪಿಗೆ ನೀರಾಗುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು.

(ಇ) ಟ್ಯಾಂಕಿನ ಮುಚ್ಚಳದ ತೂತು. ಡೀಸೆಲ್ ಖರ್ಚಾದ ಹಾಗೆ ಆ ಜಾಗಕ್ಕೆ ಗಾಳಿ ಹೋಗಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣ ದಾರಿ ಇರುತ್ತದೆ. ಅದು ಮಣ್ಣಿನಿಂದ ಮುಚ್ಚಿದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಡೀಸೆಲ್ ಬರುವುದು ನಿಲ್ಲುತ್ತದೆ. ಗಾಡಿ ಹತ್ತಾರು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವುದು ಇದರ ಲಕ್ಷಣ. ನಿಂತ ತಕ್ಷಣ ಮುಚ್ಚಳ ತೆರೆಯಿರಿ. "ಬುಸ್" ಅಂತ ಗಾಳಿ ಒಳಗೆ ಎಳೆದ ಶಬ್ದ ಬಂದರೆ ಕಳ್ಳ ಸಿಕ್ಕಿಬಿದ್ದ!

(ಈ) ಫಿಲ್ಟರ್ ಕಟ್ಟಿಕೊಳ್ಳುವುದು. ಸುಮ್ಮನೆ ನಿಂತಾಗ ಓಡುತ್ತದೆ, ಲೋಡಿನಲ್ಲಿ ಏರು ಹತ್ತುವಾಗ ಸೊರಗಿ ನಿಲ್ಲುತ್ತದೆ. ಯಾಕೆಂದರೆ ಏರಿನಲ್ಲಿ ಹೆಚ್ಚು ಡೀಸೆಲ್ ಬೇಕು, ಕಟ್ಟಿಕೊಂಡ ಫಿಲ್ಟರ್ ಅಷ್ಟು ಬಿಡುವುದಿಲ್ಲ.

ಇನ್ನು, ಇಂಜಿನ್ ಕಾದು ನಿಂತಿದ್ದರೆ ಮಾತ್ರ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ.

6. ಏರ್ ತೆಗೆಯುವ ಕ್ರಮ (ದೊಡ್ಡವರು ಮಾತ್ರ)

(1) ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಲಿ. ಕೆಳಗೆ ತಟ್ಟೆ, ಬಟ್ಟೆ ಇಡಿ.
(2) ಫಿಲ್ಟರಿನ ಮೇಲಿನ ಏರ್ ತಿರುಪು ಸ್ವಲ್ಪ ಸಡಿಲಿಸಿ.
(3) ಫೀಡ್ ಪಂಪಿನ ಹ್ಯಾಂಡ್ ಪಂಪ್ ಹೊಡೆಯುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಹೊಡೆಯುತ್ತಿರುವಾಗಲೇ ತಿರುಪು ಬಿಗಿಸಿ.
(4) ದೊಡ್ಡ ಪಂಪಿನ ಮೇಲಿನ ಏರ್ ತಿರುಪಿನಲ್ಲೂ ಹೀಗೇ ಮಾಡಿ.
(5) ಹ್ಯಾಂಡ್ ಪಂಪಿನ ಗುಬ್ಬಿಯನ್ನು ಮತ್ತೆ ಬಿಗಿ ಮಾಡಿ, ಸೆಲ್ಫ್ ಹೊಡೆಯಿರಿ.

ಏರ್ ತೆಗೆದ ಮೇಲೆ ಗಾಡಿ ಸರಿಹೋಯಿತು ಅಂತ ಅಲ್ಲಿಗೇ ಬಿಡಬಾರದು. ಗಾಳಿ ತಾನಾಗಿ ಹುಟ್ಟುವುದಿಲ್ಲ. ಅದು ಬಂದ ದಾರಿ ಹುಡುಕದಿದ್ದರೆ ನಾಳೆ ಅದೇ ಕಥೆ.

ಇಷ್ಟೆಲ್ಲ ನೋಡಿದ ಮೇಲೂ ತೊಂದರೆ ಇದ್ದರೆ ಆಗ ಪಂಪ್ ಮತ್ತು ನಾಜಲ್ ಸರದಿ. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದಿರುವುದು ಪಂಪ್ ಸವೆದಿರುವ ಒಂದು ಲಕ್ಷಣ. ಪಂಪ್ ಕೆಲಸ ಬಹಳ ನಾಜೂಕು, ಟೆಸ್ಟ್ ಬೆಂಚ್ ಇರುವ ಪಂಪ್ ಷಾಪಿನಲ್ಲೇ ಆಗಬೇಕು.

ನಿಮಗೆ ಗೊತ್ತೇ? ಹಳೇ ಮೆಕಾನಿಕ್‌ಗಳು ಈ ಪಂಪನ್ನು "ಮೈಕೋ ಪಂಪ್" ಅನ್ನುತ್ತಾರೆ. ಮೈಕೋ ಕಂಪನಿ 1951ರಲ್ಲಿ ನಮ್ಮ ಬೆಂಗಳೂರಿನಲ್ಲಿ ಶುರುವಾಯಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಕಂಪನಿ ಹೆಸರು ಬದಲಾದರೂ ಜನರ ಬಾಯಲ್ಲಿ ಹಳೇ ಹೆಸರೇ ಉಳಿದಿದೆ.

7. ಮೆಕಾನಿಕ್‌ಗೆ ಏನು ಹೇಳಬೇಕು?

ಡಾಕ್ಟರ ಹತ್ತಿರ ಹೋಗಿ "ನನಗೆ ಇಂಥದೇ ಇಂಜೆಕ್ಷನ್ ಕೊಡಿ" ಅಂತ ಕೇಳುತ್ತೇವೆಯೇ? ಇಲ್ಲ. "ಎರಡು ದಿನದಿಂದ ಜ್ವರ, ಸಂಜೆ ಜಾಸ್ತಿ" ಅಂತ ಹೇಳುತ್ತೇವೆ. ಮೆಕಾನಿಕ್‌ಗೂ ಹಾಗೇ. "ನಾಜಲ್ ಚೇಂಜ್ ಮಾಡಿ" ಅನ್ನುವ ಬದಲು ಕಂಡ ಲಕ್ಷಣ ಹೇಳಬೇಕು. ಗಾಡಿಯಲ್ಲಿ ಒಂದು ಸಣ್ಣ ಪುಸ್ತಕ ಇಟ್ಟು ಇವನ್ನು ಬರೆಯಿರಿ:

* ಯಾವಾಗ ಆಗುತ್ತದೆ? ತಣ್ಣಗಿದ್ದಾಗಲೋ, ಬಿಸಿಯಾದಾಗಲೋ?
* ಎಲ್ಲಿ ಆಗುತ್ತದೆ? ಏರಿನಲ್ಲೋ, ಸಮತಟ್ಟಿನಲ್ಲೋ? ರಾತ್ರಿ ಎಲ್ಲಿ ನಿಂತಿತ್ತು?
* ನಿಲ್ಲುವ ಮೊದಲು ಸೊರಗಿತೋ, ಒಮ್ಮೆಲೇ ನಿಂತಿತೋ?
* ಹೊಗೆಯ ಬಣ್ಣ ಯಾವುದು?
* ಹಿಂದಿನ ವಾರ ಏನು ರಿಪೇರಿ ಆಗಿತ್ತು? ಡೀಸೆಲ್ ಎಲ್ಲಿ ಹಾಕಿಸಿದ್ದು?
* ಫಿಲ್ಟರ್ ಬದಲಾಯಿಸಿದ ತಾರೀಖು ಮತ್ತು ಕಿಲೋಮೀಟರ್.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಸಾಮಾನು ಒಟ್ಟಿಗೆ ಬದಲಾಯಿಸಿ ಗಾಡಿ ಸರಿಹೋದರೆ, ಯಾವುದರಿಂದ ಸರಿಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪುಸ್ತಕ ಬರೆಯುವ ಕೆಲಸವನ್ನು ಮನೆಯಲ್ಲಿ ಶಾಲೆಗೆ ಹೋಗುವ ನಾವೇ ವಹಿಸಿಕೊಳ್ಳಬಹುದು. ಅಪ್ಪ, ಚಿಕ್ಕಪ್ಪ ಗಾಡಿ ಓಡಿಸಲಿ, ನಾವು ಲೆಕ್ಕ ಇಡೋಣ.

8. ಒಂದೇ ನೋಟದಲ್ಲಿ

ತಿರುಗುವುದೇ ಇಲ್ಲ → ಟರ್ಮಿನಲ್, ಬ್ಯಾಟರಿ, ಸೆಲ್ಫ್
ತಿರುಗುತ್ತೆ, ಹೊಗೆ ಇಲ್ಲ → ಡೀಸೆಲ್, ಸ್ಟಾಪ್ ಕೇಬಲ್, ಫಿಲ್ಟರ್, ಏರ್
ತಿರುಗುತ್ತೆ, ಬಿಳಿ ಹೊಗೆ → ಶಾಖ ಸಾಲದು
ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ನಿಲ್ಲುತ್ತೆ → ಏರ್, ನೀರು
ದೂರ ಓಡಿ ನಿಲ್ಲುತ್ತೆ → ಟ್ಯಾಂಕ್ ಮುಚ್ಚಳ
ಏರಿನಲ್ಲಿ ಸೊರಗುತ್ತೆ → ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್

ಉತ್ತರ ಹೇಳಿ ನೋಡೋಣ

1) ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಯಾಕೆ ಬೇಡ?
2) ಜೋಡಣೆಯ ರೋಧ 0.02 ಓಮ್, ಸೆಲ್ಫ್ ಎಳೆಯುವ ಕರೆಂಟ್ 150 ಆಂಪಿಯರ್. ನಷ್ಟವಾಗುವ ವೋಲ್ಟ್ ಎಷ್ಟು?
3) ಒಂದು ಗಾಡಿ ತಳ್ಳಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ, ಸೆಲ್ಫ್‌ನಲ್ಲಿ ಆಗುವುದಿಲ್ಲ. ಮೊದಲು ಏನು ನೋಡುವಿರಿ? ಯಾಕೆ?
4) ಪೈಪಿನಿಂದ ಒಂದು ಹನಿಯೂ ಸೋರದೆ ಏರ್ ಹೇಗೆ ಹಿಡಿಯುತ್ತದೆ?

ಉತ್ತರಗಳನ್ನು ನೋಟ್ ಪುಸ್ತಕದಲ್ಲಿ ಬರೆದು ವಿಜ್ಞಾನ ಮೇಷ್ಟ್ರಿಗೆ ತೋರಿಸಿ. ಸಿರಿಂಜ್ ಪ್ರಯೋಗ, ಸೀಸೆ ಪ್ರಯೋಗ ಎರಡನ್ನೂ ತರಗತಿಯಲ್ಲಿ ಮಾಡಿ ನೋಡಿ. ನಿಮ್ಮ ಬೀದಿಯ ಗಾಡಿ ಮುಂದಿನ ಸಲ ನಿಂತಾಗ "ಏನು ಬದಲಾಯಿಸೋಣ?" ಅಂತ ಯಾರಾದರೂ ಕೇಳಿದರೆ, ವಿನಯವಾಗಿ ಹೇಳಿ: "ಸ್ವಲ್ಪ ತಡೀರಿ ಮಾವಾ, ಮೊದಲು ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ, ನೋಡೋಣ."